ರೆಫರಲ್ ಜಾಗ: ಲಿಂಕ್ ಕಳಿಸಿದ್ದು ಇಪ್ಪತ್ತು ಜನಕ್ಕೆ, ಬಂದದ್ದು ಒಂದೂವರೆ ಜಿಬಿ

ನಮ್ಮ ಕಡತಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಳ್ಳುವ ಸೇವೆ ಡ್ರಾಪ್‌ಬಾಕ್ಸ್. ಅಲ್ಲಿ ಉಚಿತ ಖಾತೆ ತೆರೆದರೆ ಸಿಗುವ ಜಾಗ 2 ಜಿಬಿ. ಫೋನಿನಲ್ಲಿ ತೆಗೆದ ಉದ್ದನೆಯ ವಿಡಿಯೊ ನಾಲ್ಕೈದು ಹಾಕಿದರೆ ಮುಗಿದೇಹೋಯಿತು. ದುಡ್ಡು ಕಟ್ಟದೆ ಅದನ್ನು ಹಿಗ್ಗಿಸಬೇಕಾದರೆ ಇರುವ ಮುಖ್ಯ ದಾರಿ ರೆಫರಲ್. ನಿಮ್ಮ ಲಿಂಕ್ ಹಿಡಿದು ಒಬ್ಬರು ಹೊಸದಾಗಿ ಸೇರಿದರೆ ನಿಮಗೆ 500 ಎಂಬಿ, ಅವರಿಗೂ 500 ಎಂಬಿ. ಉಚಿತ ಖಾತೆಯವರು ಹೀಗೆ ಗಳಿಸಬಹುದಾದ ಗರಿಷ್ಠ ಜಾಗ 16 ಜಿಬಿ, ಅಂದರೆ 32 ಜನ. ದುಡ್ಡು ಕಟ್ಟಿ ಪ್ಲಸ್ ಯೋಜನೆಯಲ್ಲಿರುವವರಿಗೆ ತಲೆಗೆ 1 ಜಿಬಿ, ಗರಿಷ್ಠ 32 ಜಿಬಿ. ಕಂಪನಿಯ ತಂಡದ ಖಾತೆಗಳಿಗೆ ಇದು ಅನ್ವಯಿಸುವುದಿಲ್ಲ.

ಕೇಳುವುದಕ್ಕೆ ಸಲೀಸು. ಆದರೆ ಸಿಕ್ಕ ಸಿಕ್ಕ ಗುಂಪಿಗೆಲ್ಲ ಲಿಂಕ್ ಹಾಕಿದವರ ಖಾತೆ ತೆರೆದು ನೋಡಿದರೆ ಒಂದೋ ಎರಡೋ ಜಿಬಿ ಬಂದು ನಿಂತಿರುತ್ತದೆ. ಲಿಂಕ್ ಕಳಿಸಿದ್ದಕ್ಕೆ ಯಾರೂ ಜಾಗ ಕೊಡುವುದಿಲ್ಲ. ಎದುರಿನವರು ಖಾತೆ ತೆರೆದರು ಎಂಬ ಕಾರಣಕ್ಕೂ ಕೊಡುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ಡ್ರಾಪ್‌ಬಾಕ್ಸ್‌ನ ಡೆಸ್ಕ್‌ಟಾಪ್ ಆಪ್ ಇನ್‌ಸ್ಟಾಲ್ ಆಗಿ, ಆ ಆಪ್‌ನೊಳಗೆ ಅವರು ಹೊಸ ಖಾತೆಯಿಂದ ಲಾಗಿನ್ ಆಗಿ, ಇಮೇಲ್ ವಿಳಾಸವನ್ನೂ ಖಚಿತಪಡಿಸಿದ ಮೇಲಷ್ಟೇ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಜಾಗದ ತೀರ್ಮಾನ ಆಗುವುದು ನಿಮ್ಮ ಪರದೆಯ ಮೇಲಲ್ಲ, ಅವರ ಪರದೆಯ ಮೇಲೆ. ಈ ಒಂದು ಮಾತು ತಲೆಯಲ್ಲಿದ್ದರೆ ಮಿಕ್ಕಿದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಲಿಂಕ್ ಎಲ್ಲಿದೆ, ಯಾವ ಕ್ರಮದಲ್ಲಿ ಹೋಗಬೇಕು

ಬ್ರೌಸರಿನಲ್ಲಿ ಡ್ರಾಪ್‌ಬಾಕ್ಸ್ ತೆರೆದು, ಮೂಲೆಯಲ್ಲಿರುವ ನಿಮ್ಮ ಚಿತ್ರ ಅಥವಾ ಹೆಸರಿನ ಮೊದಲಕ್ಷರ ಒತ್ತಿ, ಸೆಟಿಂಗ್ಸ್‌ಗೆ ಹೋಗಿ. ಅಲ್ಲಿ ಸ್ನೇಹಿತರನ್ನು ರೆಫರ್ ಮಾಡುವ ಟ್ಯಾಬ್ ಇರುತ್ತದೆ. ಎರಡು ಆಯ್ಕೆ ಕಾಣುತ್ತವೆ: ಇಮೇಲ್ ವಿಳಾಸ ಬರೆದು ಅಲ್ಲಿಂದಲೇ ಆಹ್ವಾನ ಕಳಿಸುವುದು, ಇಲ್ಲವೇ ಲಿಂಕ್ ಕಾಪಿ ಮಾಡಿಕೊಂಡು ನೀವೇ ಕಳಿಸುವುದು. ಪ್ರತಿ ತಲೆಗೆ ಎಷ್ಟು, ಗರಿಷ್ಠ ಎಷ್ಟು ಎಂಬುದೂ ಆ ಪುಟದಲ್ಲೇ ಬರೆದಿರುತ್ತದೆ. ಕೊಡುಗೆಗಳು ಆಗಾಗ ಬದಲಾಗುವುದರಿಂದ ಬೇರೆ ಕಡೆ ಓದಿದ ಅಂಕಿಗಿಂತ ನಿಮ್ಮ ಖಾತೆಯ ಆ ಪುಟದಲ್ಲಿರುವ ಅಂಕಿಯನ್ನೇ ನಂಬಿ.

ಎರಡರಲ್ಲಿ ನನ್ನ ಓಟು ಲಿಂಕ್‌ಗೆ. ಡ್ರಾಪ್‌ಬಾಕ್ಸ್ ಹೆಸರಿನಲ್ಲಿ ಹೋಗುವ ಇಮೇಲ್ ಎಷ್ಟೋ ಸಲ ಜಾಹೀರಾತಿನ ವಿಭಾಗಕ್ಕೋ ಸ್ಪ್ಯಾಮ್‌ಗೋ ಬೀಳುತ್ತದೆ. ಬಿದ್ದದ್ದು ನಿಮಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ಆ ಪುಟದಲ್ಲಿ ನಿಮ್ಮ ಇಮೇಲಿನ ಸಂಪರ್ಕ ಪಟ್ಟಿಯನ್ನು ಜೋಡಿಸುವ ಆಸೆ ತೋರಿಸಿದರೆ ಒಪ್ಪಬೇಡಿ. ಹತ್ತು ವರ್ಷದ ಹಿಂದೆ ಒಮ್ಮೆ ಪತ್ರ ಬರೆದ ಬ್ಯಾಂಕಿನ ಸಹಾಯವಾಣಿಯಿಂದ ಹಿಡಿದು ಹಳೆಯ ಬಾಸ್‌ವರೆಗೆ ಎಲ್ಲರೂ ಆ ಪಟ್ಟಿಯಲ್ಲಿರುತ್ತಾರೆ. ಎಲ್ಲರಿಗೂ ನಿಮ್ಮ ಹೆಸರಿನಲ್ಲಿ ಆಹ್ವಾನ ಹೋದರೆ ಬರುವುದು ಜಾಗವಲ್ಲ, ಮುಜುಗರ.

ಎದುರಿನವರು ಮಾಡಬೇಕಾದದ್ದು ಈ ಕ್ರಮದಲ್ಲಿ. ಕಂಪ್ಯೂಟರಿನಲ್ಲಿ ಲಿಂಕ್ ತೆರೆಯಬೇಕು. ತೆರೆದ ಅದೇ ಕಿಟಕಿಯಲ್ಲಿ ಖಾತೆ ತೆರೆಯಬೇಕು. ಮಧ್ಯೆ ಮುಚ್ಚಿ ಆಮೇಲೆ ಹುಡುಕಿಕೊಂಡು ಬಂದರೆ ಆಗದು. ಇಮೇಲ್‌ಗೆ ಬಂದ ಖಚಿತಪಡಿಸುವ ಲಿಂಕ್ ಒತ್ತಬೇಕು. ಡೆಸ್ಕ್‌ಟಾಪ್ ಆಪ್ ಇಳಿಸಿ ಇನ್‌ಸ್ಟಾಲ್ ಮಾಡಬೇಕು. ಕೊನೆಗೆ ಆಪ್ ತೆರೆದು ಅದೇ ಖಾತೆಯಿಂದ ಲಾಗಿನ್ ಆಗಬೇಕು. ಹೆಚ್ಚಿನವರು ಕೈಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ಇನ್‌ಸ್ಟಾಲ್ ಮುಗಿಯಿತು ಎಂದ ಕೂಡಲೇ ಕೆಲಸ ಆಯಿತು ಅಂದುಕೊಂಡು ಎದ್ದುಹೋಗುತ್ತಾರೆ. ಆಪ್ ಲಾಗಿನ್ ಪರದೆ ತೋರಿಸಿಕೊಂಡು ಹಿಂದೆ ಕೂತೇ ಇರುತ್ತದೆ.

ಆದ್ದರಿಂದ ಬರಿಯ ಲಿಂಕ್ ಎಸೆಯಬೇಡಿ. ಹೀಗೊಂದು ಸಂದೇಶ ಜೊತೆಗಿರಲಿ:

"ಡ್ರಾಪ್‌ಬಾಕ್ಸ್‌ನಲ್ಲಿ ನಿಮ್ಮದು ಖಾತೆ ಇಲ್ಲದಿದ್ದರೆ ಮಾತ್ರ ಇದು. ಈ ಲಿಂಕನ್ನು ಫೋನಿನಲ್ಲಿ ಒತ್ತಬೇಡಿ, ಕಂಪ್ಯೂಟರಿನಲ್ಲಿ ತೆರೆಯಿರಿ. ಖಾತೆ ತೆರೆದು, ಇಮೇಲ್ ಖಚಿತಪಡಿಸಿ, ಕಂಪ್ಯೂಟರ್ ಆಪ್ ಹಾಕಿ ಅದರಲ್ಲಿ ಲಾಗಿನ್ ಆಗಿ. ಬ್ಯಾಕಪ್ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ. ನಿಮಗೆ 500 ಎಂಬಿ ಹೆಚ್ಚು ಸಿಗುತ್ತೆ, ನನಗೂ ಅಷ್ಟೇ ಸಿಗುತ್ತೆ."

ಕೊನೆಯ ಮಾತು ಮುಚ್ಚಿಡಬೇಡಿ. ನಿಮಗೂ ಲಾಭವಿದೆ ಎಂದು ಮೊದಲೇ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆಮೇಲೆ ಗೊತ್ತಾದರೆ ಮುಖ ಸಣ್ಣದಾಗುತ್ತದೆ.

ಎಲ್ಲಿ ಕೈಕೊಡುತ್ತದೆ

ಮೊದಲ ಶತ್ರು ಫೋನು. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಹೋಗುತ್ತದೆ, ಅವರು ಅಲ್ಲೇ ಒತ್ತುತ್ತಾರೆ, ಪುಟ ತೆರೆದು ಆಪ್ ಹಾಕಿಕೊಳ್ಳಿ ಎನ್ನುತ್ತದೆ, ಪ್ಲೇ ಸ್ಟೋರ್‌ಗೆ ಹಾರುತ್ತಾರೆ, ಆಪ್ ಇಳಿಸಿ ಅದರೊಳಗೇ ಖಾತೆ ತೆರೆಯುತ್ತಾರೆ. ಬ್ರೌಸರಿನಿಂದ ಸ್ಟೋರ್‌ಗೆ, ಸ್ಟೋರ್‌ನಿಂದ ಆಪ್‌ಗೆ ಹೋಗುವ ಈ ದಾರಿಯಲ್ಲಿ ನಿಮ್ಮ ಲಿಂಕಿನ ಗುರುತು ಕಳಚಿ ಬೀಳುವ ಸಂಭವ ಹೆಚ್ಚು. ಖಾತೆಯೇನೋ ಆಯಿತು, ಆದರೆ ಅದು ಯಾರ ಲೆಕ್ಕಕ್ಕೂ ಸೇರದ ಖಾತೆ. ಒಮ್ಮೆ ಹೀಗೆ ಖಾತೆ ತೆರೆದರೆ ಹಿಂದಿನ ತಾರೀಕಿಗೆ ಹೋಗಿ ಜೋಡಿಸುವ ಉಪಾಯ ನಿಮ್ಮ ಕೈಲಿಲ್ಲ. ಗುರುತು ಉಳಿದರೂ ಮೊಬೈಲ್ ಆಪ್ ಒಂದರಿಂದ ಷರತ್ತು ಪೂರೈಸುವುದಿಲ್ಲ. ಹಾಗಾಗಿ ಫೋನ್ ಬಿಟ್ಟರೆ ಬೇರೆ ಗತಿಯಿಲ್ಲದವರಿಗೆ ಡ್ರಾಪ್‌ಬಾಕ್ಸ್ ರೆಫರಲ್ ಕಳಿಸುವುದು ಎರಡೂ ಕಡೆಗೆ ದಂಡ.

ಎರಡನೆಯದು ಬ್ರೌಸರ್. ನಿಮ್ಮ ಲಿಂಕಿನಿಂದ ಬಂದವರು ಎಂಬುದನ್ನು ಜಾಲತಾಣ ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ಕುಕಿಯಲ್ಲಿ, ಅಂದರೆ ಅದು ಆ ಬ್ರೌಸರಿನಲ್ಲಿ ಬರೆದಿಡುವ ಸಣ್ಣ ಟಿಪ್ಪಣಿಯಲ್ಲಿ. ಕ್ರೋಮ್‌ನಲ್ಲಿ ಲಿಂಕ್ ತೆರೆದು ಫೈರ್‌ಫಾಕ್ಸ್‌ನಲ್ಲಿ ಖಾತೆ ತೆರೆದರೆ, ಬೆಳಿಗ್ಗೆ ಖಾಸಗಿ ಕಿಟಕಿಯಲ್ಲಿ ನೋಡಿ ಸಂಜೆ ಮಾಮೂಲಿ ಕಿಟಕಿಯಲ್ಲಿ ಸೇರಿದರೆ, ಮಧ್ಯೆ ಕುಕಿ ಅಳಿಸಿದರೆ, ನೆನಪು ಅಳಿದಂತೆಯೇ. ಕೆಲವು ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳು ಲಿಂಕಿನ ಬಾಲದಲ್ಲಿರುವ ಸಂಕೇತವನ್ನೇ ಕತ್ತರಿಸಿಬಿಡುತ್ತವೆ. ಲಿಂಕ್ ತೆರೆದಾಗ ಪುಟದಲ್ಲಿ ನಿಮ್ಮ ಹೆಸರೋ, ಆಹ್ವಾನ ಬಂದಿದೆ ಎಂಬ ಸೂಚನೆಯೋ ಕಂಡರೆ ಗುರುತು ಉಳಿದಿದೆ ಎಂದರ್ಥ. ಬರಿಯ ಮಾಮೂಲಿ ಮುಖಪುಟ ಬಂದರೆ ಅಲ್ಲಿಗೇ ನಿಲ್ಲಿಸಿ, ಲಿಂಕನ್ನು ಪೂರ್ತಿಯಾಗಿ ಕಾಪಿ ಮಾಡಿ ಮತ್ತೆ ತೆರೆಯಲು ಹೇಳಿ.

ಮೂರನೆಯದು ಹಳೆಯ ಖಾತೆ. ಯಾರೋ ಎಂದೋ ಒಂದು ಫೋಲ್ಡರ್ ಹಂಚಿಕೊಂಡಾಗ ಅದನ್ನು ನೋಡಲೆಂದು ಖಾತೆ ತೆರೆದು ಮರೆತವರು ಬಹಳ. ಅದೇ ಇಮೇಲ್‌ನಿಂದ ಸೇರಲು ಹೋದಾಗ ನೀವು ಈಗಾಗಲೇ ಸದಸ್ಯರು ಎನ್ನುತ್ತದೆ. ಇನ್ನೊಂದು ಇಮೇಲ್ ಹಾಕಿ ಸೇರಿದರೂ, ಆ ಕಂಪ್ಯೂಟರಿನಲ್ಲಿ ಮುಂಚೆ ಯಾರದಾದರೂ ಡ್ರಾಪ್‌ಬಾಕ್ಸ್ ಖಾತೆ ಜೋಡಣೆ ಆಗಿದ್ದರೆ ಅದನ್ನು ಹೊಸ ಯಂತ್ರ ಎಂದು ಎಣಿಸುತ್ತದೆ ಎಂದು ನಂಬಿ ಕೂರಬೇಡಿ. ಒಂದೇ ಮನೆಯ ಒಂದೇ ಲ್ಯಾಪ್‌ಟಾಪಿನಿಂದ ನಾಲ್ಕು ಜನರ ಹೆಸರಿನಲ್ಲಿ ಸೇರಿಸಿ 2 ಜಿಬಿ ಮಾಡುವ ಲೆಕ್ಕಾಚಾರ ತಲೆಕೆಳಗಾಗುವುದು ಇಲ್ಲೇ. ಕಾಲೇಜಿನ ಲ್ಯಾಬ್ ಕಂಪ್ಯೂಟರುಗಳದ್ದೂ ಇದೇ ಕಥೆ. ಕಚೇರಿಯ ಲ್ಯಾಪ್‌ಟಾಪಿನಲ್ಲಂತೂ ಹೊಸ ಆಪ್ ಹಾಕಲು ಐಟಿ ವಿಭಾಗ ಬಿಡುವುದು ಅನುಮಾನ. ಬಿಟ್ಟರೂ ಕಚೇರಿ ಕಡತಗಳಿರುವ ಯಂತ್ರಕ್ಕೆ ಸ್ವಂತ ಕ್ಲೌಡ್ ಖಾತೆ ಜೋಡಿಸುವುದು ಅವರಿಗೇ ತೊಂದರೆ ತಂದೀತು. ಕೇಳಲೇಬೇಡಿ.

ಇನ್ನೊಂದಿದೆ, ಇದರಿಂದ ನಿಮ್ಮ ಜಾಗಕ್ಕೆ ಧಕ್ಕೆಯಿಲ್ಲ, ಸ್ನೇಹಕ್ಕಿದೆ. ಡೆಸ್ಕ್‌ಟಾಪ್ ಆಪ್ ಮೊದಲ ಸಲ ತೆರೆದುಕೊಂಡಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳನ್ನು ಬ್ಯಾಕಪ್ ಮಾಡಲೇ ಎಂದು ಕೇಳುತ್ತದೆ. ನೀಲಿ ಬಟನ್ ದೊಡ್ಡದಾಗಿರುತ್ತದೆ, ಬೇಡ ಎನ್ನುವುದು ಸಣ್ಣಕ್ಷರದಲ್ಲಿರುತ್ತದೆ. ನಿಮ್ಮ ಮಾತು ಕೇಳಿ ಸೇರಿದವರು ಸರಸರನೆ ನೀಲಿ ಬಟನ್ ಒತ್ತಿಕೊಂಡು ಹೋದರೆ ಹತ್ತಾರು ಜಿಬಿ ಕಡತ ಎರಡೂವರೆ ಜಿಬಿ ಖಾತೆಗೆ ಏರತೊಡಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಖಾತೆ ಭರ್ತಿ, ಆಮೇಲೆ ದಿನಾ ಯೋಜನೆ ಕೊಳ್ಳಿ ಎಂಬ ಇಮೇಲ್. ಆಗ ಅವರು ಗಾಬರಿಯಿಂದ ಡ್ರಾಪ್‌ಬಾಕ್ಸ್ ಫೋಲ್ಡರಿನಲ್ಲಿದ್ದದ್ದನ್ನು ಅಳಿಸಲು ಕೂರುತ್ತಾರೆ. ಸಿಂಕ್ ಎಂದರೆ ಎರಡೂ ಕಡೆ ಒಂದೇ. ಇಲ್ಲಿ ಅಳಿಸಿದ್ದು ಅಲ್ಲೂ ಹೋಗುತ್ತದೆ, ಅಲ್ಲಿ ಅಳಿಸಿದ್ದು ಇಲ್ಲೂ ಹೋಗುತ್ತದೆ. ಯಾರಾದರೂ ಹೀಗೆ ಸಿಕ್ಕಿಬಿದ್ದರೆ ಮೊದಲು ಆಪ್‌ನ ಆದ್ಯತೆಗಳಲ್ಲಿ (ಪ್ರಿಫರೆನ್ಸಸ್) ಬ್ಯಾಕಪ್ ನಿಲ್ಲಿಸಿ, ಕಡತಗಳು ತಮ್ಮ ಹಳೆಯ ಜಾಗಕ್ಕೆ ವಾಪಸ್ ಬಂದಿವೆಯೇ ನೋಡಿ, ಆಮೇಲೆ ಮುಂದಿನ ಮಾತು. ಅಪ್ಪಿತಪ್ಪಿ ಅಳಿಸಿದ್ದರೆ ಉಚಿತ ಖಾತೆಯಲ್ಲಿ 30 ದಿನದೊಳಗೆ ಜಾಲತಾಣದ ಅಳಿಸಿದ ಕಡತಗಳ ಪುಟದಿಂದ ವಾಪಸ್ ತರಬಹುದು. ಕಂಪ್ಯೂಟರ್ ಶುರುವಾದಾಗಲೆಲ್ಲ ಆಪ್ ಏಳುವುದು ಬೇಡವಾದರೆ ಅದನ್ನೂ ಅದೇ ಆದ್ಯತೆಗಳಲ್ಲಿ ನಿಲ್ಲಿಸಬಹುದು. ಹಳೆಯ ಯಂತ್ರವಿದ್ದವರಿಗೆ ಇದನ್ನು ಮರೆಯದೆ ಹೇಳಿ.

ಇಷ್ಟೆಲ್ಲ ಸರಿಯಾಗಿ ಆದ ಮೇಲೂ ಜಾಗ ಬರದಿದ್ದರೆ ರೆಫರ್ ಪುಟಕ್ಕೆ ಹೋಗಿ ಆ ವ್ಯಕ್ತಿಯ ಮುಂದೆ ಏನು ಬರೆದಿದೆ ನೋಡಿ. ಆಹ್ವಾನ ಹೋಗಿದೆ ಎಂಬಲ್ಲೇ ನಿಂತಿದ್ದರೆ ಅವರು ನಿಮ್ಮ ಲಿಂಕಿನಿಂದ ಸೇರಿಲ್ಲ. ಸೇರಿದ್ದಾರೆ ಎಂದಿದ್ದೂ ಪೂರ್ಣವಾಗಿಲ್ಲದಿದ್ದರೆ ಆಪ್ ಅಥವಾ ಇಮೇಲ್ ಖಚಿತಪಡಿಸುವಿಕೆ ಬಾಕಿ. ಇದನ್ನು ಅವರು ಈಗಲೂ ಮುಗಿಸಬಹುದು. ನೆನಪಿಸುವುದಾದರೆ ಈ ಎರಡನೆಯ ಗುಂಪಿನವರಿಗೆ ಮಾತ್ರ, ಅದೂ ಒಂದು ಸಲ.

ಅವರೇಕೆ ಇಷ್ಟು ಕಟ್ಟುನಿಟ್ಟು

ಡ್ರಾಪ್‌ಬಾಕ್ಸ್ 2008ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಮೊದಮೊದಲು ಅವರು ಗೂಗಲ್ ಹುಡುಕಾಟದಲ್ಲಿ ಜಾಹೀರಾತು ಕೊಟ್ಟು ನೋಡಿದರು. ಸ್ಥಾಪಕ ಡ್ರೂ ಹ್ಯೂಸ್ಟನ್ ಆಮೇಲೆ ಬಿಡಿಸಿಟ್ಟ ಲೆಕ್ಕದ ಪ್ರಕಾರ ಒಬ್ಬ ಗ್ರಾಹಕನನ್ನು ತರಲು ತಗಲುತ್ತಿದ್ದದ್ದು 233ರಿಂದ 388 ಡಾಲರ್. ಅವರು ಮಾರುತ್ತಿದ್ದದ್ದು 99 ಡಾಲರಿನ ಸರಕು. ಆಗ ಆನ್‌ಲೈನ್ ಹಣ ಪಾವತಿಯ ಕಂಪನಿ ಪೇಪಾಲ್‌ನ ಉಪಾಯವನ್ನು ತಮಗೆ ಒಗ್ಗಿಸಿಕೊಂಡರು. ಪೇಪಾಲ್ ಹೊಸಬರನ್ನು ಕರೆತಂದವರಿಗೂ ಬಂದವರಿಗೂ ಹಣ ಕೊಡುತ್ತಿತ್ತು, ಇವರು ಜಾಗ ಕೊಟ್ಟರು. ಹೊಸ ನೋಂದಣಿ ಶೇ 60ರಷ್ಟು ಏರಿ ಅಲ್ಲೇ ನಿಂತಿತು. 2008ರ ಸೆಪ್ಟೆಂಬರಿನಲ್ಲಿ 1 ಲಕ್ಷ ಇದ್ದ ಬಳಕೆದಾರರು 2010ರ ಜನವರಿಗೆ 40 ಲಕ್ಷವಾದರು. ಮೊದಲಿಗೆ ತಲೆಗೆ 250 ಎಂಬಿ ಇದ್ದದ್ದು 2012ರ ಏಪ್ರಿಲಿನಲ್ಲಿ 500 ಆಯಿತು, ಮಿತಿಯೂ 8 ಜಿಬಿಯಿಂದ 16ಕ್ಕೆ ಏರಿತು.

ಇದರಲ್ಲಿ ನಿಮಗೆ ಬೇಕಾದ ಅಂಶ ಒಂದೇ. ನಿಮಗೆ ಸಿಗುವ 500 ಎಂಬಿ ಅವರ ಜಾಹೀರಾತು ಖರ್ಚು. ಒಬ್ಬ ಮನುಷ್ಯ ನಿಜವಾಗಿ ಬಂದು ಆಪ್ ಹಾಕಿಕೊಂಡರೆ ಮುಂದೆ ಒಂದು ದಿನ ದುಡ್ಡು ಕಟ್ಟಿಯಾನು ಎಂಬ ಆಸೆ. ಹೆಸರು ಬರೆದು ಹೋದ ಖಾಲಿ ಖಾತೆಯಿಂದ ಅವರಿಗೆ ದಮ್ಮಡಿ ಲಾಭವಿಲ್ಲ. ಸುಳ್ಳು ಖಾತೆ ಸೃಷ್ಟಿಸುವುದು ಸುಲಭ, ಹೊಸ ಕಂಪ್ಯೂಟರ್ ಸೃಷ್ಟಿಸುವುದು ಕಷ್ಟ. ಷರತ್ತು ಅಲ್ಲಿ ಕೂತಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಕಷ್ಟ ಎಂದರೂ ಬಿಡದವರಿದ್ದಾರೆ. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ನಕಲಿ ಕಂಪ್ಯೂಟರ್) ಎಬ್ಬಿಸಿ, ನೆಟ್‌ವರ್ಕ್ ಕಾರ್ಡಿನ ವಿಳಾಸ ಬದಲಿಸಿ, ಇಮೇಲ್‌ನಲ್ಲಿ ಚುಕ್ಕಿ ಸೇರಿಸಿ, 32 ಸಲ ಇನ್‌ಸ್ಟಾಲ್ ಮಾಡುವ ವಿಧಾನಗಳು ಬಹಳ ವರ್ಷದಿಂದ ಹರಿದಾಡುತ್ತಿವೆ. ಮೂವತ್ತೆರಡು ರೆಫರಲ್ ಮಾರುವವರೂ ಇದ್ದಾರೆ. ಇದರ ಕೆಟ್ಟ ಮುಖ ಏನೆಂದರೆ, ಜಾಗ ಬಂದ ಮೇಲೆ ಕಡತ ತುಂಬುತ್ತೀರಿ, ಅದು ನಿಯಮ ಮೀರಿ ಗಳಿಸಿದ್ದು ಎಂದು ಕಂಡರೆ ಕಂಪನಿ ಜಾಗ ಹಿಂಪಡೆಯಬಹುದು, ಖಾತೆಯನ್ನೇ ಮುಚ್ಚಬಹುದು. ಆಗ 18 ಜಿಬಿ ಕಡತ 2 ಜಿಬಿ ಖಾತೆಯಲ್ಲಿ ಕೂತಿರುತ್ತದೆ. ಮಾರುವವರಿಗೆ ನಿಮ್ಮ ಖಾತೆಯ ಪಾಸ್‌ವರ್ಡ್ ಕೊಟ್ಟಿದ್ದರಂತೂ ಮುಂದಿನದನ್ನು ಹೇಳುವುದೇ ಬೇಡ.

ಮೆಗಾ, ಪಿಕ್ಲೌಡ್

ಇವೂ ಡ್ರಾಪ್‌ಬಾಕ್ಸ್‌ನಂಥ ಸೇವೆಗಳೇ. ಆದರೆ ಮೆಗಾದ ಲೆಕ್ಕ ಬೇರೆ. ಉಚಿತ ಖಾತೆಗೆ 20 ಜಿಬಿ, ಅದರ ಮೇಲೆ ಸಾಧನೆಗಳು ಎಂಬ ಪುಟದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬಹುಮಾನ: ಕಂಪ್ಯೂಟರ್ ಆಪ್ ಹಾಕಿದರೆ, ಮೊಬೈಲ್ ಆಪ್ ಹಾಕಿದರೆ, ಒಬ್ಬರನ್ನು ಕರೆತಂದರೆ ತಲಾ 5 ಜಿಬಿ. ಕರೆತಂದವರು ಕಂಪ್ಯೂಟರ್ ಆಪ್ ಬದಲು ಮೊಬೈಲ್ ಆಪ್ ಹಾಕಿದರೂ ನಡೆಯುತ್ತದೆ, ಆದ್ದರಿಂದ ಫೋನ್ ಮಾತ್ರ ಇರುವವರಿಗೆ ಕಳಿಸಬಹುದಾದ ಲಿಂಕ್ ಇದು. ಡ್ರಾಪ್‌ಬಾಕ್ಸ್‌ನ ಹತ್ತು ಜನಕ್ಕೆ ಇಲ್ಲಿಯ ಒಬ್ಬರು ಸಮ.

ಅಷ್ಟು ಧಾರಾಳ ಯಾಕೆಂದರೆ ಇದು ವರ್ಷಾವಧಿಯ ಜಾಗ. ಪ್ರತಿ ಬಹುಮಾನಕ್ಕೂ 365 ದಿನದ ಆಯಸ್ಸು, ಅದೂ ಸಿಕ್ಕ ದಿನದಿಂದ ಬಿಡಿಬಿಡಿಯಾಗಿ ಎಣಿಕೆ. ಜನವರಿಯಲ್ಲಿ ಒಬ್ಬರು, ಏಪ್ರಿಲಿನಲ್ಲಿ ಇಬ್ಬರು ಸೇರಿದರೆ ಮುಂದಿನ ಜನವರಿಯಲ್ಲಿ 5 ಜಿಬಿ ಕಳಚುತ್ತದೆ, ಏಪ್ರಿಲಿನಲ್ಲಿ ಇನ್ನೂ 10. ಕಳಚಿದ ಮೇಲೆ ಮಿತಿ ಮೀರಿದ್ದರೆ ಹೊಸದಾಗಿ ಏನೂ ಏರಿಸಲಾಗದು. ಎಚ್ಚರಿಕೆಯ ಇಮೇಲ್‌ಗಳನ್ನು ಕಡೆಗಣಿಸಿ ಹಾಗೇ ಕೂತರೆ ಕಡತ ಅಳಿಸುವ ಹಕ್ಕೂ ಅವರಿಗಿದೆ. ಹಾಗಾಗಿ ಮೆಗಾದ ಬೋನಸ್ ಜಾಗಕ್ಕೆ ಹಾಕಬೇಕಾದ್ದು ತಾತ್ಕಾಲಿಕ ಸಾಮಾನು: ಮದುವೆ ವಿಡಿಯೊವನ್ನು ನಾಲ್ಕು ಮನೆಗೆ ತಲುಪಿಸುವುದು, ಪ್ರಾಜೆಕ್ಟಿನ ಕಚ್ಚಾ ಕಡತ, ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಸರಕು. ಸಾಧನೆಗಳ ಪುಟದಲ್ಲಿ ಪ್ರತಿ ಬಹುಮಾನದ ಮುಂದೆ ಎಷ್ಟು ದಿನ ಉಳಿದಿದೆ ಎಂದು ತೋರಿಸುತ್ತದೆ. ಅದನ್ನು ನೋಡಿ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚೆಯ ದಿನಕ್ಕೆ ಜ್ಞಾಪನೆ ಹಾಕಿಕೊಳ್ಳಿ.

ಮೆಗಾಕ್ಕೆ ಯಾರನ್ನಾದರೂ ಕರೆತರುವುದಾದರೆ ರಿಕವರಿ ಕೀ, ಅಂದರೆ ಪಾಸ್‌ವರ್ಡ್ ಮರೆತಾಗ ಖಾತೆ ತೆರೆಯುವ ಬದಲಿ ಕೀಲಿಯ ವಿಷಯ ಹೇಳದೆ ಬಿಡಬೇಡಿ. ಅಲ್ಲಿ ಕಡತಗಳು ನಿಮ್ಮ ಯಂತ್ರದಲ್ಲೇ ಎನ್‌ಕ್ರಿಪ್ಟ್ ಆಗಿ, ಅಂದರೆ ಬೇರೆಯವರು ಓದಲಾಗದ ಗುಪ್ತ ರೂಪಕ್ಕೆ ಬದಲಾಗಿ ಹೋಗುತ್ತವೆ, ಅದರ ಬೀಗದ ಕೈ ಪಾಸ್‌ವರ್ಡಿಗೆ ಗಂಟು. ಪಾಸ್‌ವರ್ಡ್ ಮರೆತು, ರಿಕವರಿ ಕೀ ಕೂಡ ಇಲ್ಲದೆ, ಯಾವ ಯಂತ್ರದಲ್ಲೂ ಲಾಗಿನ್ ಆಗಿ ಉಳಿದಿಲ್ಲದಿದ್ದರೆ ಒಳಗಿನ ಕಡತಗಳನ್ನು ಕಂಪನಿಯೂ ತೆಗೆದುಕೊಡಲಾರದು. ನಿಮ್ಮ ಒತ್ತಾಯಕ್ಕೆ ಬೇಗ ಬೇಗ ಖಾತೆ ತೆರೆದವರೇ ಪಾಸ್‌ವರ್ಡ್ ಮರೆಯುವವರು. ಖಾತೆ ತೆರೆದ ದಿನವೇ ಕೀ ಇಳಿಸಿ ಬೇರೆ ಕಡೆ ಇಟ್ಟುಕೊಳ್ಳಲಿ.

ಪಿಕ್ಲೌಡ್‌ನಲ್ಲಿ ಉಚಿತ ಖಾತೆ 10 ಜಿಬಿವರೆಗೆ ಎಂದು ಬರೆದಿರುತ್ತದೆ. ಆ 'ವರೆಗೆ'ಯನ್ನು ಗಮನಿಸಿ. ಖಾತೆ ತೆರೆದ ಕೂಡಲೇ ಅಷ್ಟೂ ಸಿಗುವುದಿಲ್ಲ. ಇಮೇಲ್ ಖಚಿತಪಡಿಸುವುದು, ಕಡತ ಏರಿಸುವುದು, ಆಪ್ ಹಾಕುವುದು, ಜನರನ್ನು ಕರೆತರುವುದು ಹೀಗೆ ಹಂತ ಹಂತವಾಗಿ ಬೀಗ ತೆರೆಯುತ್ತದೆ. ಒಬ್ಬರನ್ನು ಕರೆತಂದರೆ ನಿಮಗೆ 1 ಜಿಬಿ. ಯಾರನ್ನೂ ಕರೆಯದೆ ಆಗುವ ಹಂತಗಳನ್ನು ಮೊದಲು ಮುಗಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಬಂದ ಜಾಗ ಸೋರುವ ಬಗೆ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ರೆಫರಲ್‌ನಿಂದ ಗಳಿಸಿದ್ದನ್ನು ಒಂದೇ ಕ್ಲಿಕ್ಕಿನಲ್ಲಿ ಕಳೆದುಕೊಳ್ಳುವುದು ಇಲ್ಲೇ. ಡ್ರಾಪ್‌ಬಾಕ್ಸ್‌ನಲ್ಲಿ ಹಂಚಿಕೊಂಡ ಫೋಲ್ಡರ್ ಅದರಲ್ಲಿರುವ ಪ್ರತಿಯೊಬ್ಬರ ಜಾಗವನ್ನೂ ತಿನ್ನುತ್ತದೆ. 1 ಜಿಬಿ ಫೋಲ್ಡರಿನಲ್ಲಿ ಐವರಿದ್ದರೆ ಐವರ ಖಾತೆಯಿಂದಲೂ ತಲಾ 1 ಜಿಬಿ. ಯಾರೋ ಅದಕ್ಕೆ ಇನ್ನೊಂದು ಜಿಬಿ ಸೇರಿಸಿದರೆ ನಿಮ್ಮದೂ ಹೋಯಿತು, ನಿಮ್ಮನ್ನು ಕೇಳುವವರಿಲ್ಲ. ಎರಡು ರೆಫರಲ್‌ನ ಶ್ರಮ ಒಬ್ಬರ ಪ್ರವಾಸದ ಫೋಟೊಗೆ ಸಮರ್ಪಣೆ.

ಇದರಿಂದ ಇನ್ನೊಂದು ಗೋಜಲು. ನಿಮಗೂ ನಿಮ್ಮ ಸ್ನೇಹಿತರಿಗೂ 3 ಜಿಬಿ ಫೋಲ್ಡರ್ ಒಂದು ಬೇಕು, ಅದಕ್ಕೆಂದೇ ಅವರನ್ನು ರೆಫರ್ ಮಾಡಿದಿರಿ ಎನ್ನಿ. ನಿಮ್ಮದು 2.5 ಜಿಬಿ, ಅವರದೂ 2.5 ಜಿಬಿ. ಫೋಲ್ಡರ್ ಇಬ್ಬರಿಗೂ ಹಿಡಿಸುವುದಿಲ್ಲ. ಜಾಗ ಸಾಲದ ಖಾತೆಗೆ ಆ ಫೋಲ್ಡರನ್ನು ಸೇರಿಸಿಕೊಳ್ಳಲೂ ಬಿಡುವುದಿಲ್ಲ. ಇಬ್ಬರೂ ಇನ್ನೂ ಒಬ್ಬೊಬ್ಬರನ್ನು ತಂದರೂ ಸರಿಯಾಗಿ 3 ಜಿಬಿಗೆ ಬಂದು ನಿಲ್ಲುತ್ತೀರಿ, ಇಬ್ಬರ ಖಾತೆಯಲ್ಲೂ ಮತ್ತೊಂದು ಪುಟದ ಕಾಗದಕ್ಕೂ ಎಡೆಯಿಲ್ಲ. ಎದುರಿನವರು ಬರೀ ನೋಡಿ ಇಳಿಸಿಕೊಂಡರೆ ಸಾಕೆಂದಿದ್ದರೆ ಫೋಲ್ಡರಿಗೆ ಸೇರಿಸದೆ ಲಿಂಕ್ ಕೊಡಿ. ಲಿಂಕಿನಲ್ಲಿ ನೋಡುವುದು ಅವರ ಜಾಗ ತಿನ್ನುವುದಿಲ್ಲ. ಇಬ್ಬರೂ ತಿದ್ದಬೇಕಾದರೆ ಗೂಗಲ್ ಡ್ರೈವ್‌ನಲ್ಲಿ ಇಡುವುದು ಜಾಣತನ, ಅಲ್ಲಿ ಕಡತದ ಒಡೆಯರ ಖಾತೆಯಿಂದ ಮಾತ್ರ ಜಾಗ ಕಡಿತ.

ಅಳಿಸಿದ ಕಡತಗಳ ವಿಷಯದಲ್ಲಿ ಡ್ರಾಪ್‌ಬಾಕ್ಸ್ ಉದಾರಿ: ಅಳಿಸಿದ್ದನ್ನೂ ಹಳೆಯ ಆವೃತ್ತಿಗಳನ್ನೂ ಜಾಗದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಕಸದ ಬುಟ್ಟಿಯೂ ಲೆಕ್ಕಕ್ಕೆ ಸೇರುತ್ತದೆ. ತಾನಾಗಿ ಖಾಲಿಯಾಗಲು 30 ದಿನ. ಮೆಗಾದಲ್ಲಿ ಕಸದ ಬುಟ್ಟಿಯ ಜೊತೆಗೆ ಹಳೆಯ ಆವೃತ್ತಿಗಳೂ ಸೇರುತ್ತವೆ. ದೊಡ್ಡ ಕಡತವೊಂದನ್ನು ದಿನಾ ತಿದ್ದಿ ಉಳಿಸುತ್ತಿದ್ದರೆ, ಕಾಣುವ ಕಡತ ಒಂದೇ ಆದರೂ ಹಿಂದೆ ಹತ್ತು ಪ್ರತಿ ಕೂತಿರಬಹುದು. ಹೊಸಬರನ್ನು ಹುಡುಕಿಕೊಂಡು ಹೊರಡುವ ಮುಂಚೆ ಬುಟ್ಟಿ ಖಾಲಿ ಮಾಡಿ ನೋಡಿ.

ಹಾಗಾದರೆ ಎಷ್ಟು ಜನಕ್ಕೆ ನಿಲ್ಲಿಸಬೇಕು? ಲೆಕ್ಕ ಹಾಕಿ. ಫೋಟೊ ಒಂದಕ್ಕೆ 4 ಎಂಬಿ ಹಿಡಿದರೆ ಒಬ್ಬರ ರೆಫರಲ್ 125 ಫೋಟೊ. ಗೂಗಲ್ ಖಾತೆಗೆ ಯಾರನ್ನೂ ಕರೆಯದೆಯೇ ಸಿಗುವುದು 15 ಜಿಬಿ, ಜಿಮೇಲ್ ಮತ್ತು ಫೋಟೊಗಳೂ ಅದರಲ್ಲೇ ಪಾಲು ಕೇಳುತ್ತವೆ ಅನ್ನುವುದು ನಿಜ. ಡ್ರಾಪ್‌ಬಾಕ್ಸ್‌ನಲ್ಲಿ 2ರಿಂದ 15ಕ್ಕೆ ಏರಲು 26 ಜನ ಬೇಕು. ಕಂಪ್ಯೂಟರ್ ಇದ್ದು, ಖಾತೆ ಇಲ್ಲದೆ, ಆಪ್ ಹಾಕಲು ಒಪ್ಪುವ 26 ಜನ ಗೊತ್ತಿದ್ದರೆ ನೀವು ಪುಣ್ಯವಂತರು. ಫೋಟೊ ಇಡುವುದಕ್ಕೆ ಈ ಜಾಗದ ಹಿಂದೆ ಬೀಳುವುದು ನನ್ನ ಮಟ್ಟಿಗೆ ವ್ಯರ್ಥ. ಎಕ್ಸೆಲ್, ವರ್ಡ್, ಪಿಡಿಎಫ್, ಕೋಡ್ ಇಂಥ ದಿನಾ ತಿದ್ದುವ ಸಣ್ಣ ಕಡತಗಳಿಗೆ ಡ್ರಾಪ್‌ಬಾಕ್ಸ್‌ನ ಸಿಂಕ್ ಬಹಳ ಒಳ್ಳೆಯದು, ಅಲ್ಲಿ ನಾಲ್ಕೈದು ಜಿಬಿ ವರ್ಷಗಟ್ಟಲೆ ಸಾಕು. ಅಂದರೆ ಐದಾರು ಜನ, ಅವರೂ ನಿಜವಾಗಿ ಬಳಸುವಂಥವರು. ಉಚಿತ ಖಾತೆಗೆ ಜೋಡಿಸಬಹುದಾದ ಸಾಧನ 2019ರ ಮಾರ್ಚ್‌ನಿಂದ ಮೂರೇ ಎಂಬುದೂ ಗೊತ್ತಿರಲಿ. ರೆಫರಲ್‌ನಿಂದ ಜಾಗ ಹಿಗ್ಗಬಹುದು, ಈ ಮೂರು ಹಿಗ್ಗುವುದಿಲ್ಲ.

ಕೊಟ್ಟವರು ವಾಪಸ್ ಕೇಳಿದಾಗ

ಬರಾಕುಡಾ ಕಂಪನಿಯ ಕಾಪಿ ಎಂಬ ಸೇವೆ 15 ಜಿಬಿ ಕೊಟ್ಟು, ಪ್ರತಿ ರೆಫರಲ್‌ಗೆ ಎರಡೂ ಕಡೆಗೆ 5 ಜಿಬಿ ಸುರಿಯುತ್ತಿತ್ತು. ಜನ ನೂರಾರು ಜಿಬಿ ಮಾಡಿಕೊಂಡರು. 2016ರ ಮೇ 1ಕ್ಕೆ ಸೇವೆಯೇ ಬಂದ್. ಅಂಥದೇ ಇನ್ನೊಂದು ಸೇವೆ ಉಬುಂಟು ಒನ್ 2014ರ ಜೂನ್ 1ಕ್ಕೆ ನಿಂತಿತು, ಕಡತ ಇಳಿಸಿಕೊಳ್ಳಲು ಜುಲೈ ಕೊನೆಯವರೆಗೆ ಗಡುವು. ಮೈಕ್ರೊಸಾಫ್ಟ್ 2015ರ ನವೆಂಬರಿನಲ್ಲಿ ಘೋಷಿಸಿ ಮುಂದಿನ ವರ್ಷ ಒನ್‌ಡ್ರೈವ್‌ನ ಉಚಿತ 15 ಜಿಬಿಯನ್ನು 5ಕ್ಕೆ ಇಳಿಸಿತು, ಫೋನಿನ ಫೋಟೊ ಏರಿಸಿದ್ದಕ್ಕೆ ಕೊಟ್ಟಿದ್ದ ಇನ್ನೊಂದು 15 ಜಿಬಿಯನ್ನೂ ತೆಗೆಯಿತು. ಬಳಕೆದಾರರು ಗದ್ದಲ ಮಾಡಿದ ಮೇಲೆ, 2016ರ ಜನವರಿ 31ರೊಳಗೆ ಒಂದು ಪುಟಕ್ಕೆ ಹೋಗಿ ಬಟನ್ ಒತ್ತಿದ ಹಳಬರಿಗೆ ಹಳೆಯ ಜಾಗ ಉಳಿಯಿತು. ಒತ್ತದವರಿಗೆ ಇಲ್ಲ. ಆ ಸುದ್ದಿ ತಿಳಿಯುವುದು ನಾವು ಓದದೆ ಅಳಿಸುವ ಇಮೇಲ್‌ಗಳಲ್ಲೇ, ಆದ್ದರಿಂದ ಸ್ಟೋರೇಜ್ ಸೇವೆಯಿಂದ ಬಂದ ಇಮೇಲ್‌ಗೆ ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಹಾಕಿ ಮುಖ್ಯ ಪೆಟ್ಟಿಗೆಗೇ ಬರುವಂತೆ ಮಾಡಿ.

ಡ್ರಾಪ್‌ಬಾಕ್ಸ್ ರೆಫರಲ್ ಜಾಗಕ್ಕೆ ಮೆಗಾದಂತೆ ವರ್ಷದ ಗಡುವಿಲ್ಲ, ಆದರೆ ಖಾತೆ ಜೀವಂತವಾಗಿರಬೇಕು. ಸತತ ಒಂದು ವರ್ಷ ಬಳಸದ ಉಚಿತ ಖಾತೆಯನ್ನು ಅವರು ಮುಚ್ಚಬಹುದು. ಹಿಂದೆ ಹೊಸ ಫೋನ್ ಕೊಂಡಾಗ ಎರಡು ವರ್ಷಕ್ಕೆಂದು ಸಿಕ್ಕಿದ್ದ ಜಾಗ ರೆಫರಲ್ ಜಾಗವಲ್ಲ. ಅದು ಅವಧಿ ಮುಗಿದಾಗ ಹೋಗುತ್ತದೆ. ನಿಮ್ಮ ಖಾತೆಯಲ್ಲಿ ಯಾವುದು ಯಾವುದರಿಂದ ಬಂದದ್ದು ಎಂಬ ವಿವರ ಸೆಟಿಂಗ್ಸ್‌ನ ಪ್ಲಾನ್ ಟ್ಯಾಬಿನಲ್ಲಿ ನೋಡಬಹುದು.

ಯಾವ ಕಾರಣಕ್ಕೇ ಆಗಲಿ ಜಾಗ ಮಿತಿ ಮೀರಿದರೆ ಡ್ರಾಪ್‌ಬಾಕ್ಸ್ ಸಿಂಕ್ ನಿಲ್ಲಿಸುತ್ತದೆ. ಅಪಾಯ ಇರುವುದು ಅದರಲ್ಲೇ. ನೀವು ಎಂದಿನಂತೆ ಡ್ರಾಪ್‌ಬಾಕ್ಸ್ ಫೋಲ್ಡರಿಗೆ ಕಡತ ಉಳಿಸುತ್ತಾ ಹೋಗುತ್ತೀರಿ, ಎಲ್ಲವೂ ಮೇಲೆ ಹೋಗಿದೆ ಎಂದುಕೊಳ್ಳುತ್ತೀರಿ. ನಿಜದಲ್ಲಿ ಅವು ನಿಮ್ಮ ಡಿಸ್ಕಿನಲ್ಲಿ ಮಾತ್ರ ಇರುತ್ತವೆ. ಕಡತದ ಪಕ್ಕದಲ್ಲಿ ಹಸಿರು ಗುರುತು ಬಂದರೆ ಏರಿದೆ, ನೀಲಿ ಬಾಣ ಸುತ್ತುತ್ತಲೇ ಇದ್ದರೆ ಅಥವಾ ಕೆಂಪು ಗುರುತು ಕಂಡರೆ ಏರಿಲ್ಲ. ಅನುಮಾನ ಬಂದರೆ ಜಾಲತಾಣದಲ್ಲಿ ಲಾಗಿನ್ ಆಗಿ ಇವತ್ತು ಉಳಿಸಿದ ಕಡತ ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ ದೊಡ್ಡ ಹಂಚಿಕೆಯ ಫೋಲ್ಡರಿನಿಂದ ಮೊದಲು ಹೊರಬನ್ನಿ, ಹೆಚ್ಚಾಗಿ ಅಷ್ಟಕ್ಕೇ ಸಿಂಕ್ ಮತ್ತೆ ಶುರುವಾಗುತ್ತದೆ.